ಮಗ್ಗುಲ ತೊಟ್ಟಿಲು: ಹಸುಗೂಸಿನ ನಿದ್ದೆಗೆ ಸುರಕ್ಷಿತ ತಾಣದ ಆಯ್ಕೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳನ್ನು ಒಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಹಸುಗೂಸನ್ನು ಮಲಗಿಸುವ ರೀತಿ ಎಲ್ಲ ಮನೆಗಳಲ್ಲೂ ಒಂದೇ ತೆರನಾಗಿಲ್ಲ. ಬಾಣಂತಿ ಕೋಣೆಯಲ್ಲಿ ತಾಯಿಯ ಪಕ್ಕಕ್ಕೆ ಹಾಸಿದ ಚಾಪೆ, ತೊಲೆಗೆ ಕಟ್ಟಿದ ಹಳೆಯ ಸೀರೆಯ ಜೋಲಿ, ನಾಮಕರಣದ ದಿನ ಹೂವಿನಿಂದ ಸಿಂಗಾರಗೊಳ್ಳುವ ಮರದ ತೊಟ್ಟಿಲು, ಕಬ್ಬಿಣದ ಸ್ಟ್ಯಾಂಡಿಗೆ ಸ್ಪ್ರಿಂಗ್ ಹಾಕಿ ತೂಗುಬಿಟ್ಟ ಬಟ್ಟೆಯ ತೊಟ್ಟಿಲು, ಇವೆಲ್ಲವೂ ಒಂದೇ ಬೀದಿಯ ಮನೆಗಳಲ್ಲಿ ಕಾಣಸಿಗುತ್ತವೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬೆಳೆದ ಬಡಾವಣೆಗಳಲ್ಲಿಯೂ ಅಪಾರ್ಟ್‌ಮೆಂಟುಗಳಲ್ಲಿಯೂ ನೆಲೆಸಿದ ಕಿರಿಯ ದಂಪತಿಗಳು ಈಗ ಇವುಗಳ ಸಾಲಿಗೆ ‘ಬೆಡ್‌ಸೈಡ್ ಕ್ರಿಬ್’ ಎಂಬ ಇನ್ನೊಂದು ವಸ್ತುವನ್ನು ಸೇರಿಸುತ್ತಿದ್ದಾರೆ. ತಾಯಿಯ ಮಂಚಕ್ಕೆ ಒತ್ತಿ ನಿಲ್ಲಿಸಿ, ಮಂಚದ ಕಡೆಯ ಗೋಡೆಯನ್ನು ಕೆಳಗಿಳಿಸಿ, ಪಟ್ಟಿಗಳಿಂದ ಮಂಚಕ್ಕೆ ಬಿಗಿದುಕೊಳ್ಳಬಹುದಾದ ಈ ಸಣ್ಣ ಮಂಚವನ್ನು ಕನ್ನಡದಲ್ಲಿ ಮಗ್ಗುಲ ತೊಟ್ಟಿಲು ಎಂದು ಕರೆಯಬಹುದು. ಅಂಗಡಿಯಲ್ಲಿ ಇದರ ಬಣ್ಣ, ಮೆತ್ತನೆಯ ಒಳಪದರ ಮತ್ತು ಬೆಲೆಯ ಬಗ್ಗೆ ಹೆಚ್ಚು ಮಾತು ಕೇಳಿಬರುತ್ತದೆಯಾದರೂ, ಮಗುವಿನ ಸುರಕ್ಷತೆಯನ್ನು ನಿರ್ಧರಿಸುವ ಗುಣಗಳು ಬೇರೆಯೇ ಇದ್ದು, ಅವು ಹೊಸ ಕ್ರಿಬ್ಬಿಗೆ ಹೇಗೋ ಅಜ್ಜಿಯ ಕಾಲದ ತೊಟ್ಟಿಲಿಗೂ ನೆಲದ ಚಾಪೆಗೂ ಹಾಗೆಯೇ ಅನ್ವಯಿಸುತ್ತವೆ.

ಮೊದಲ ಗುಣ ಸಾಮೀಪ್ಯ. ಮಗು ತಾಯಿ ಮಲಗುವ ಕೋಣೆಯಲ್ಲಿಯೇ, ಕೈಗೆಟಕುವಷ್ಟು ಹತ್ತಿರ, ಆದರೆ ತನ್ನದೇ ಆದ ಪ್ರತ್ಯೇಕ ಹಾಸಿಗೆಯಲ್ಲಿ ಕನಿಷ್ಠ ಮೊದಲ ಆರು ತಿಂಗಳು ಮಲಗಬೇಕೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ. ಆರೋಗ್ಯವಾಗಿದ್ದಂತೆ ಕಂಡ ಒಂದು ವರ್ಷದೊಳಗಿನ ಮಗು ನಿದ್ದೆಯಲ್ಲಿ ಯಾವುದೇ ಕಾರಣ ಪತ್ತೆಯಾಗದಂತೆ ತೀರಿಕೊಳ್ಳುವುದನ್ನು ವೈದ್ಯರು ಆಕಸ್ಮಿಕ ಶಿಶುಮರಣವೆಂದು ಕರೆಯುತ್ತಾರೆ. ಇದು ಹೆಚ್ಚಾಗಿ ಎರಡರಿಂದ ನಾಲ್ಕು ತಿಂಗಳ ವಯಸ್ಸಿನಲ್ಲಿ ಸಂಭವಿಸುವುದರಿಂದಲೂ, ದಿಂಬು ಹೊದಿಕೆಗಳಿಂದ ಉಸಿರುಗಟ್ಟುವ ಅಪಾಯವೂ ಅದೇ ತಿಂಗಳುಗಳಲ್ಲಿ ಹೆಚ್ಚಿರುವುದರಿಂದಲೂ, ಆರು ತಿಂಗಳ ಈ ಅವಧಿಗೆ ಅಷ್ಟು ಮಹತ್ವ ಬಂದಿದೆ. ತಾಯಿ ಹತ್ತಿರವಿದ್ದಾಗ ಮಗುವಿನ ಉಸಿರಾಟದ ಬದಲಾವಣೆ ಅವಳ ಕಿವಿಗೆ ಬೀಳುತ್ತದೆ, ರಾತ್ರಿ ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸುವುದು ಸುಲಭವಾಗುತ್ತದೆ, ಮತ್ತು ಎದೆಹಾಲು ಕುಡಿಯುವ ಮಕ್ಕಳಲ್ಲಿ ಆಕಸ್ಮಿಕ ಮರಣದ ಸಂಭವವೇ ಕಡಿಮೆ. ಸಿಸೇರಿಯನ್ ಹೆರಿಗೆಯಾದ ತಾಯಿಯಂತೂ ಹೊಟ್ಟೆಯ ಹೊಲಿಗೆ ಮಾಗುವವರೆಗೆ ಎದ್ದು ಬಗ್ಗಿ ಮಗುವನ್ನು ಎತ್ತಿಕೊಳ್ಳಲು ಪಡುವ ಪಾಡನ್ನು ನೆನೆದರೆ, ಮಗ್ಗುಲ ತೊಟ್ಟಿಲಿನ ನಿಜವಾದ ಉಪಯೋಗ ಮನದಟ್ಟಾಗುತ್ತದೆ.

ಜೊತೆಯಲ್ಲಿದ್ದೂ ಪ್ರತ್ಯೇಕ ಏಕೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದು ಸಹಜ, ಏಕೆಂದರೆ ತಾಯಿಯ ಮಗ್ಗುಲಲ್ಲಿ ಮಗು ಮಲಗುವುದು ಇಲ್ಲಿ ತಲೆಮಾರುಗಳ ಪದ್ಧತಿ. ತಾಯಿ ತನ್ನ ಎಚ್ಚರದಿಂದಲೇ ಮಗುವನ್ನು ಕಾಯುತ್ತಾಳೆ ಎಂಬ ನಂಬಿಕೆಯಲ್ಲಿ ಸತ್ಯವಿಲ್ಲವೆಂದಲ್ಲ, ಆದರೆ ಅದೇ ಹಾಸಿಗೆಯಲ್ಲಿ ದಣಿದು ಮಲಗಿದ ತಂದೆ, ಎರಡು ಮೂರು ವರ್ಷದ ಅಕ್ಕ ಅಥವಾ ಅಣ್ಣ, ದಪ್ಪ ದುಪ್ಪಟಿ, ನಡುವೆ ಕುಸಿಯುವ ಹತ್ತಿಯ ಹಾಸಿಗೆ ಇವೆಲ್ಲ ಸೇರಿದಾಗ ತಾಯಿಯ ಎಚ್ಚರ ಒಂದೇ ಸಾಲದು. ಅದೇ ಹಾಸಿಗೆಯಲ್ಲಿ ಮಲಗುವವರು ಬೀಡಿ ಸಿಗರೇಟು ಸೇದುವವರಾಗಿದ್ದರೆ, ಮದ್ಯ ಕುಡಿದಿದ್ದರೆ, ಅಥವಾ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ ಇಲ್ಲವೇ 2.5 ಕಿಲೋಗ್ರಾಮಿಗಿಂತ ಕಡಿಮೆ ತೂಕದ್ದಾಗಿದ್ದರೆ ಅಪಾಯ ಬಹಳ ಹೆಚ್ಚುತ್ತದೆ. ಹೊಸಕೋಟೆಯ ಕೈಗಾರಿಕಾ ಪ್ರದೇಶದ ಸುತ್ತಲಿನ ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ಮಂಚಕ್ಕೇ ಜಾಗವಿರದೆ ಎಲ್ಲರೂ ನೆಲದ ಮೇಲೆ ಮಲಗುವಾಗ ಮಗ್ಗುಲ ತೊಟ್ಟಿಲು ಕೊಳ್ಳುವ ಮಾತು ಅರ್ಥವಿಲ್ಲದ್ದು. ಅಂಥಲ್ಲಿ ತಾಯಿಯ ಚಾಪೆಯಿಂದ ಒಂದು ತೋಳಿನಳತೆಯಲ್ಲಿ, ಗೋಡೆಯ ಕಡೆಗೆ, ಗಟ್ಟಿಯಾದ ತೆಳು ಹಾಸಿಗೆಯೊಂದನ್ನು ಮಗುವಿಗೆಂದೇ ಬೇರೆಯಾಗಿ ಹಾಸಿ, ಗೋಡೆಗೂ ಹಾಸಿಗೆಗೂ ಮಧ್ಯೆ ಸಂದು ಉಳಿಯದಂತೆ ನೋಡಿಕೊಂಡರೆ ಬೆಲೆಯ ಕ್ರಿಬ್ಬು ಕೊಡುವ ರಕ್ಷಣೆಯ ಬಹುಪಾಲು ಸಿಗುತ್ತದೆ.

ಎರಡನೆಯದು ಹಾಸಿಗೆ ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರುವುದು. ನವಜಾತ ಶಿಶುವಿನ ತಲೆ ಅದರ ದೇಹದ ಉದ್ದದ ಸುಮಾರು ಕಾಲುಭಾಗದಷ್ಟಿದ್ದು, ಆ ಭಾರವನ್ನು ಹೊರುವ ಕುತ್ತಿಗೆಯ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ, ಶ್ವಾಸನಾಳವೂ ಕಿರಿದಾಗಿರುತ್ತದೆ. ದೇಹ ಬಾಗಿ ಗಲ್ಲವು ಎದೆಗೆ ತಾಗಿದರೆ, ನೀರು ಹಾಯಿಸುವ ಪೈಪು ಮಡಚಿಕೊಂಡಂತೆ, ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ದೊಡ್ಡವರಾದರೆ ತಕ್ಷಣ ತಲೆ ಎತ್ತಿಕೊಳ್ಳುತ್ತಾರೆ, ಹಸುಗೂಸಿಗೆ ಅದು ಆಗದು, ಅಳುವುದಕ್ಕೂ ಉಸಿರು ಬೇಕಾದ್ದರಿಂದ ಇಂಥ ಅವಘಡ ಸದ್ದಿಲ್ಲದೆ ನಡೆದುಹೋಗುತ್ತದೆ. ಮೆತ್ತನೆಯ ಹಾಸಿಗೆಯ ಅಪಾಯ ಇನ್ನೊಂದು ಬಗೆಯದು. ಮಗುವಿನ ಮುಖ ಒತ್ತಿಕೊಂಡ ಜಾಗದಲ್ಲಿ ಹಾಸಿಗೆ ತಗ್ಗಾದರೆ, ತಾನೇ ಹೊರಬಿಟ್ಟ ಗಾಳಿಯನ್ನು ಮಗು ಮತ್ತೆ ಮತ್ತೆ ಒಳಗೆಳೆದುಕೊಂಡು ಆಮ್ಲಜನಕದ ಕೊರತೆಗೆ ಒಳಗಾಗುತ್ತದೆ. ಇವೆರಡೂ ಕಾರಣಗಳಿಂದ, ಮಗು ಮಲಗುವ ಯಾವುದೇ ಸಾಧನದ ಇಳಿಜಾರು 10 ಡಿಗ್ರಿಗಿಂತ ಹೆಚ್ಚಿರಬಾರದೆಂದು ನಿಯಮ ಮಾಡಿದ ಅಮೆರಿಕ, 2022ರ ಕಾಯ್ದೆಯೊಂದರ ಮೂಲಕ ಇಳಿಜಾರು ತೊಟ್ಟಿಲುಗಳನ್ನೂ ಕ್ರಿಬ್ಬಿನ ಒಳಸುತ್ತಿಗೆ ಕಟ್ಟುವ ದಿಂಬಿನಂಥ ಮೆತ್ತೆಗಳನ್ನೂ ನಿಷೇಧಿಸಿತು.

ಮನೆಯಲ್ಲಿ ಇದನ್ನು ಪರೀಕ್ಷಿಸಲು ದುಬಾರಿ ಉಪಕರಣವೇನೂ ಬೇಕಿಲ್ಲ. ಕ್ರಿಬ್ಬನ್ನು ಅದು ನಿಲ್ಲಬೇಕಾದ ಜಾಗದಲ್ಲಿಯೇ ನಿಲ್ಲಿಸಿ, ಹಾಸಿಗೆಯ ನಡುವೆ ಒಂದು ದುಂಡು ನಿಂಬೆಹಣ್ಣನ್ನು ಇಟ್ಟು ಬಿಟ್ಟರೆ, ಅದು ತಾನಾಗಿ ಉರುಳಿ ಮೂಲೆ ಸೇರುವಂತಿದ್ದಲ್ಲಿ ಕಾಲುಗಳ ಎತ್ತರ ಸರಿಯಿಲ್ಲವೆಂದೋ ನೆಲ ಏರುಪೇರಾಗಿದೆಯೆಂದೋ ತಿಳಿಯುತ್ತದೆ. ಅಂಗೈಯನ್ನು ಹಾಸಿಗೆಯ ಮೇಲೆ ಒತ್ತಿ ಹಿಡಿದು ತೆಗೆದಾಗ ಗುರುತು ಉಳಿಯದೆ ಮೇಲ್ಮೈ ಕೂಡಲೇ ಮೊದಲಿನಂತಾಗಬೇಕು, ಮಗುವನ್ನು ಮಲಗಿಸಿ ಎತ್ತಿಕೊಂಡ ಮೇಲೆ ತಲೆಯ ಗುಳಿ ಕಾಣುವ ಹಾಸಿಗೆ ಬೇಡ. ಬೂರುಗದ ಹತ್ತಿಯ ಮೆತ್ತೆಗಿಂತ ಗಟ್ಟಿಯಾಗಿ ಒತ್ತಿ ಮಾಡಿದ ತೆಳುವಾದ ನಾರಿನ ಹಾಸಿಗೆ, ಮೇಲೊಂದು ಬಿಗಿಯಾದ ಹತ್ತಿ ಬಟ್ಟೆ, ಹಸುಗೂಸಿಗೆ ಎಷ್ಟೋ ಮೇಲು. ಅದು ದೊಡ್ಡವರ ಕಣ್ಣಿಗೆ ಒರಟಾಗಿ ಕಂಡರೂ ಮಗುವಿಗೆ ನೋವಾಗುವುದಿಲ್ಲ.

ಅಂಗಾತ ಮಲಗಿಸುವುದರ ಬಗ್ಗೆ ಹಿರಿಯರಿಗಿರುವ ಅಂಜಿಕೆಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಹಾಲು ಕಕ್ಕಿದರೆ ನೆತ್ತಿಗೆ ಹತ್ತೀತು, ಉಸಿರು ಕಟ್ಟೀತು ಎಂಬ ಭಯದಿಂದ ಮಗುವನ್ನು ಪಕ್ಕಕ್ಕೆ ಹೊರಳಿಸಿ ಬೆನ್ನಿಗೆ ದಿಂಬು ಒತ್ತುಕೊಡುವುದು ಬಹಳ ಮನೆಗಳಲ್ಲಿ ಕಾಣುವ ರೂಢಿ. ಆದರೆ ಮಗು ಅಂಗಾತ ಮಲಗಿದ್ದಾಗ ಶ್ವಾಸನಾಳವು ಮೇಲಕ್ಕೂ ಅನ್ನನಾಳವು ಅದರ ಕೆಳಕ್ಕೂ ಇರುತ್ತದೆ. ಆದ್ದರಿಂದ ಹೊಟ್ಟೆಯಿಂದ ಮರಳಿ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲ್ಮುಖವಾಗಿ ಏರಬೇಕಾಗುತ್ತದೆ. ಮಗು ಬೋರಲಾದಾಗ ಈ ಸ್ಥಿತಿ ತಿರುವುಮುರುವಾಗಿ, ಮರಳಿದ ಹಾಲು ಶ್ವಾಸನಾಳದ ಬಾಯಿಗೇ ಬಂದು ನಿಲ್ಲುವ ಸಂಭವ ಹೆಚ್ಚು. ಪಕ್ಕಕ್ಕೆ ಮಲಗಿಸಿದ ಮಗು ಸುಲಭವಾಗಿ ಬೋರಲಾಗುವುದರಿಂದ ಅದೂ ಸುರಕ್ಷಿತವಲ್ಲ. ಮಕ್ಕಳನ್ನು ಬೆನ್ನ ಮೇಲೆ ಮಲಗಿಸಿರೆಂಬ ಪ್ರಚಾರ ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಮೇಲೆ ಅಲ್ಲಿನ ಆಕಸ್ಮಿಕ ಶಿಶುಮರಣದ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಾಲು ಕುಡಿದ ಮೇಲೆ ಮಗುವನ್ನು ಹೆಗಲಿಗೆ ಒರಗಿಸಿಕೊಂಡು ಬೆನ್ನು ಸವರಿ ತೇಗು ಬರಿಸಿ, ಅನಂತರ ಅಂಗಾತ ಮಲಗಿಸಿದರೆ ಅಜ್ಜಿಯ ಅಂಜಿಕೆಗೂ ವೈದ್ಯರ ಸಲಹೆಗೂ ವಿರೋಧವೇ ಉಳಿಯುವುದಿಲ್ಲ.

ಸಮತಟ್ಟು ಎಂಬ ಅಳತೆಗೋಲನ್ನು ಹಿಡಿದಾಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಎದುರಾಗುವುದು ಜೋಲಿಯ ವಿಷಯದಲ್ಲಿ. ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಮಗ್ಗ ನಡೆಯುವ ಪಡಸಾಲೆಯ ಒಂದು ಬದಿಗೆ ಜೋಲಿ ಕಟ್ಟಿ, ಅದಕ್ಕೊಂದು ಹಗ್ಗ ಬಿಟ್ಟು, ಕೈ ಬಿಡುವಾದಾಗಲೆಲ್ಲ ತಾಯಿ ಅದನ್ನು ಜಗ್ಗಿ ತೂಗುವುದುಂಟು. ದುಡಿಮೆ ಮತ್ತು ಮಗು ಎರಡನ್ನೂ ಒಬ್ಬಳೇ ನಿಭಾಯಿಸಬೇಕಾದ ಹೆಣ್ಣುಮಗಳಿಗೆ ಜೋಲಿಯನ್ನು ಬಿಟ್ಟುಬಿಡೆಂದು ಹೇಳುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಹಾಗಿದ್ದರೂ ಜೋಲಿಯೊಳಗೆ ಮಗುವಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗಲ್ಲ ಎದೆಗೆ ಇಳಿಯುತ್ತದೆ, ಸೀರೆಯ ಎರಡು ಅಂಚುಗಳು ಮೇಲೆ ಕೂಡಿಕೊಂಡು ಮುಖ ಹೊರಗಿನವರಿಗೆ ಕಾಣದಂತಾಗುತ್ತದೆ ಎಂಬುದು ಮುಚ್ಚಿಡುವ ಮಾತಲ್ಲ. ಹೊರಳಲು ಕಲಿತ ಮಗು ಜೋಲಿಯಿಂದ ಬೀಳುವುದಲ್ಲದೆ, ಅದರಲ್ಲಿ ಆಡುವ ದೊಡ್ಡ ಮಕ್ಕಳ ಕತ್ತಿಗೆ ಸೀರೆ ಸುತ್ತಿಕೊಂಡು ಪ್ರಾಣ ಹೋದ ಪ್ರಸಂಗಗಳು ಭಾರತದ ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಆದ್ದರಿಂದ ಜೋಲಿಯನ್ನು ಹಗಲಿನಲ್ಲಿ, ಕಣ್ಣೆದುರಿನಲ್ಲಿ, ಅಳುವ ಮಗುವನ್ನು ಸಮಾಧಾನಪಡಿಸಲು ಬಳಸಿ, ನಿದ್ದೆ ಹತ್ತಿದ ಕೂಡಲೇ ಮಗುವನ್ನು ಸಮತಟ್ಟಾದ ಹಾಸಿಗೆಗೆ ವರ್ಗಾಯಿಸುವುದು, ರಾತ್ರಿಯ ದೀರ್ಘ ನಿದ್ದೆಗೆ ಅದನ್ನು ಬಳಸದಿರುವುದು, ಬಳಕೆ ಮುಗಿದೊಡನೆ ಸೀರೆಯನ್ನು ಎತ್ತಿ ತೊಲೆಗೆ ಸುತ್ತಿಬಿಡುವುದು ನಡುವಣ ದಾರಿ. ಫ್ಯಾನಿನ ಕೊಂಡಿಗೆ ಜೋಲಿ ಕಟ್ಟುವುದಂತೂ ಎಂದಿಗೂ ಸಲ್ಲದು. ಸ್ಪ್ರಿಂಗ್ ತೊಟ್ಟಿಲಿನ ಬಟ್ಟೆಯೂ ಜೋಲಿಯಂತೆಯೇ ಕುಸಿಯುವುದರಿಂದ ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಮರದ ತೊಟ್ಟಿಲಿನ ತಳ ಸಮತಟ್ಟಾಗಿರುವುದರಿಂದ ಅದು ಜೋಲಿಗಿಂತ ಉತ್ತಮ, ಆದರೆ ಅದರ ಸರಳುಗಳನ್ನು ಅಳೆಯದೆ ಮಗುವನ್ನು ಮಲಗಿಸಬಾರದು. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಚಿತ್ರಗಾರರು ಅರಗಿನ ಬಣ್ಣದಲ್ಲಿ ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಬರೆದು ಸಿದ್ಧಪಡಿಸುವ ತೊಟ್ಟಿಲುಗಳ ಕೀರ್ತಿ ನಾಡಿಗೆಲ್ಲ ಗೊತ್ತಿರುವಂಥದು. ಅಷ್ಟು ಹೆಸರಿಲ್ಲದಿದ್ದರೂ ಈ ಜಿಲ್ಲೆಯ ಹಳೆಯ ಮನೆಗಳ ಅಟ್ಟದ ಮೇಲೆಯೂ ಅಜ್ಜ ಮಾಡಿಸಿದ ತೊಟ್ಟಿಲು ಸಿಗುವುದುಂಟು. ಎರಡು ಸರಳುಗಳ ನಡುವಿನ ತೆರಪು ಸುಮಾರು 6 ಸೆಂಟಿಮೀಟರಿಗಿಂತ, ಅಂದರೆ ಎರಡೂವರೆ ಅಂಗುಲಕ್ಕೆ ತುಸು ಕಡಿಮೆಯಾದ ಅಳತೆಗಿಂತ, ಹೆಚ್ಚಿರಬಾರದೆಂಬುದು ಅಮೆರಿಕದ ನಿಯಮ. ಅದಕ್ಕಿಂತ ಅಗಲವಾದರೆ ಮಗುವಿನ ದೇಹ ಜಾರಿ ಹೊರಬಂದು ತಲೆ ಮಾತ್ರ ಒಳಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ತೊಟ್ಟಿಲುಗಳನ್ನು ಮಾಡುವಾಗ ಈ ಲೆಕ್ಕ ಯಾರ ತಲೆಯಲ್ಲೂ ಇರಲಿಲ್ಲವಾದ್ದರಿಂದ ಅಳತೆಪಟ್ಟಿ ಹಿಡಿದು ಒಂದೊಂದು ಸಂದನ್ನೂ ನೋಡಬೇಕು, ಅಗಲವಾಗಿದ್ದಲ್ಲಿ ಬಡಗಿಯಿಂದ ನಡುವೆ ಇನ್ನೊಂದು ಸರಳು ಕೂಡಿಸಬೇಕು. ಬಣ್ಣವೂ ಗಮನಿಸಬೇಕಾದ ಸಂಗತಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುವ ಲೋಹ. ನಿಯಮಕ್ಕೆ ಮೊದಲು ಬಳಿದ ಎನಾಮಲ್ ಬಣ್ಣ ಚಕ್ಕೆಯೇಳುತ್ತಿದ್ದರೆ, ಬಸುರಿ ಮತ್ತು ಮಕ್ಕಳಿಂದ ದೂರವಾಗಿ, ಧೂಳು ಏಳದಂತೆ ಒದ್ದೆ ಮಾಡಿಕೊಂಡು ಅದನ್ನು ಉಜ್ಜಿ ತೆಗೆಸುವುದು ಒಳಿತು.

ಹೊಸ ಮಗ್ಗುಲ ತೊಟ್ಟಿಲನ್ನು ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ತಮ್ಮ ಮಂಚದ ಮೇಲಿನ ಹಾಸಿಗೆ ನೆಲದಿಂದ ಎಷ್ಟು ಎತ್ತರವಿದೆಯೆಂದು ಅಳೆದು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ದಿವಾನಗಳೂ ಹಳೆಯ ಮಂಚಗಳೂ ಒಂದೊಂದು ಎತ್ತರದಲ್ಲಿದ್ದು, ಕಾಲುಗಳನ್ನು ಎತ್ತರಿಸಲಾಗದ ಕ್ರಿಬ್ಬು ಎಲ್ಲಕ್ಕೂ ಹೊಂದುವುದಿಲ್ಲ. ಈ ಬಗೆಯ ತೊಟ್ಟಿಲಿನ ಅತಿ ದೊಡ್ಡ ಅಪಾಯ ಇರುವುದೇ ಅದರ ಅನುಕೂಲವಿರುವ ಕಡೆ, ಅಂದರೆ ತಾಯಿಯ ಹಾಸಿಗೆಗೂ ಕ್ರಿಬ್ಬಿಗೂ ಮಧ್ಯದ ಸಂದಿನಲ್ಲಿ. ಪಟ್ಟಿ ಸಡಿಲವಾಗಿ ಕ್ರಿಬ್ಬು ಕೊಂಚ ಸರಿದರೂ ಆ ಕಂದರದಲ್ಲಿ ಮಗುವಿನ ಮುಖವೋ ದೇಹವೋ ಸಿಕ್ಕಿಕೊಳ್ಳಬಹುದು. ಮಂಚಕ್ಕೆ ಬಿಗಿದ ಮೇಲೆ ಇಬ್ಬರು ಸೇರಿ, ಒಬ್ಬರು ಮಂಚದ ಅಂಚಿನಲ್ಲಿ ಮೈಭಾರ ಹಾಕಿ ಕುಳಿತು, ಇನ್ನೊಬ್ಬರು ಕ್ರಿಬ್ಬನ್ನು ಬಲವಾಗಿ ಹೊರಕ್ಕೆಳೆದು ನೋಡಿದಾಗಲೂ ಅಂಗೈ ತೂರುವಷ್ಟು ಜಾಗ ಬಿಡಬಾರದು. ಅಲ್ಲಿ ದಿಂಬು ತುರುಕಿ ಸಂದು ಮುಚ್ಚುವುದು ಪರಿಹಾರವಲ್ಲ, ಅದು ಇನ್ನೊಂದು ಅಪಾಯ. ಇಳಿಸಿದ ಗೋಡೆಯೂ ಪೂರ್ತಿ ಇಲ್ಲವಾಗದೆ, ಕ್ರಿಬ್ಬಿನ ಹಾಸಿಗೆಯಿಂದ 12 ಸೆಂಟಿಮೀಟರಾದರೂ ಮೇಲಕ್ಕೆ ತಡೆಯಾಗಿ ನಿಂತಿರಬೇಕೆಂದು ಯುರೋಪಿನ ಇಎನ್ 1130 ಎಂಬ ಮಾನದಂಡದ 2019ರ ಆವೃತ್ತಿ ಹೇಳುತ್ತದೆ. ಪೆಟ್ಟಿಗೆಯ ಮೇಲೆ ಆ ಸಂಖ್ಯೆ ಮುದ್ರಿತವಾಗಿದೆಯೇ ಎಂದು ನೋಡುವುದು ಕೊಳ್ಳುವವರಿಗೆ ಒಂದು ಆಸರೆ. ಒಳಗಿನ ಹಾಸಿಗೆಗೂ ಕ್ರಿಬ್ಬಿನ ಗೋಡೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ತೆರಪಿರಕೂಡದು, ಕೊಟ್ಟ ಹಾಸಿಗೆಯ ಮೇಲೆ ಇನ್ನೊಂದನ್ನು ಪೇರಿಸಲೂಬಾರದು.

ಕೊಳ್ಳುವ ಶಕ್ತಿ ಇಲ್ಲದವರು, ಅಥವಾ ಮನೆಯ ಮಂಚಕ್ಕೆ ಹೊಂದುವ ಅಳತೆ ಸಿಗದವರು, ಊರಿನ ಬಡಗಿಯಿಂದ ಇದನ್ನು ಮಾಡಿಸಿಕೊಳ್ಳಬಹುದು. ಅಂಥ ಕೆಲಸಕ್ಕೆ ಮಗುವಿನ ಹಾಸಿಗೆಯನ್ನು ಮೊದಲು ಹೊಲಿಸಿ, ಅದರ ಅಳತೆಗೆ ಚೌಕಟ್ಟು ಕೂಡಿಸುವುದು ಜಾಣತನ. ಮೊಳೆಯ ಬದಲು ಬೋಲ್ಟು, ಎರಡೂ ಕಡೆ ನುಣುಪಾಗಿ ಉಜ್ಜಿದ ಅಂಚು, ಉಳಿದ ಮೂರು ಬದಿಯ ಗೋಡೆಗೆ ಹಾಸಿಗೆಯಿಂದ ಮೇಲಕ್ಕೆ ಒಂದು ಗೇಣಿನಷ್ಟು ಎತ್ತರ, ಗಾಳಿಯಾಡಲು ಸರಳು, ಅಲುಗಾಡದ ನಾಲ್ಕು ಕಾಲು, ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ಮೂಲೆಗಳಲ್ಲಿ ಚೆಂದಕ್ಕೆಂದು ಕಡೆದು ಕೂಡಿಸುವ ಗುಬಟುಗಳನ್ನು ಬೇಡವೆನ್ನಬೇಕು, ಅಂಗಿಯ ಕೊರಳೋ ದಾರವೋ ಅವುಗಳಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ತೊಟ್ಟಿಲಿನ ಒಳಗೆ ಏನಿರಬೇಕು ಎಂಬ ವಿಚಾರ. ಬರಿದಾದ ತೊಟ್ಟಿಲನ್ನು ತೂಗಬಾರದೆಂಬ ನಂಬಿಕೆಯಿರುವ ನಾಡಿನಲ್ಲಿ ತೊಟ್ಟಿಲನ್ನು ತುಂಬುವುದು ಪ್ರೀತಿಯ ಗುರುತು, ಆದರೆ ಮಲಗಿದ ಮಗುವಿನ ಮಟ್ಟಿಗೆ ತೊಟ್ಟಿಲಿನಲ್ಲಿ ಮಗುವಿನ ಹೊರತು ಬೇರೇನೂ ಇಲ್ಲದಿರುವುದೇ ಕ್ಷೇಮ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು ಒಂದು ವರ್ಷದೊಳಗಿನ ಮಗುವಿಗೆ ಬೇಕಿಲ್ಲ, ಮಗು ಎಚ್ಚರವಾಗಿರುವಾಗ ದೊಡ್ಡವರ ಎದುರಿನಲ್ಲಿ ದಿನಕ್ಕೆ ಕೆಲವು ಸಲ ಬೋರಲು ಮಲಗಿಸಿ ಆಡಿಸಿದರೆ ತಲೆಯ ಹಿಂಬದಿ ಚಪ್ಪಟೆಯಾಗುವುದು ತಪ್ಪುತ್ತದೆ. ಮಗು ಬೆಚ್ಚಿಬೀಳದಿರಲೆಂದು ದಿಂಬಿನಡಿ ಇಡುವ ಚಾಕು ಅಥವಾ ಕುಡುಗೋಲನ್ನು ಬಿಡಲೊಪ್ಪದ ಹಿರಿಯರಿದ್ದರೆ, ಅದನ್ನು ಮಗುವಿನ ಹಾಸಿಗೆಯಿಂದ ತೆಗೆದು ಮಕ್ಕಳ ಕೈಗೆ ಸಿಗದಂತೆ ದೂರದಲ್ಲಿಡುವಂತೆ ಅವರ ಮನ ಒಲಿಸಬೇಕು. ಕೊರಳಿನ ದೃಷ್ಟಿದಾರವನ್ನೂ ಕರಿಮಣಿಯನ್ನೂ ಮಲಗಿಸುವ ಮುನ್ನ ತೆಗೆದಿಡಬೇಕು. ಮೇಲೆ ತೂಗುಬಿಡುವ ಗಿಲಕಿ ಗೊಂಬೆಗಳ ದಾರ ಮಗುವಿನ ಕೈಗೆ ಸಿಗಬಾರದು, ಗೊಂಬೆಯ ಮೇಲೆ ಐಎಸ್ಐ ಗುರುತಿರಬೇಕು. 2021ರ ಜನವರಿಯಿಂದ ಭಾರತದಲ್ಲಿ ಆಟಿಕೆಗಳಿಗೆ ಈ ಗುರುತು ಕಡ್ಡಾಯವಾಗಿದೆ. ಮಂಚದ ಪಕ್ಕದಲ್ಲಿ ಇಳಿಬಿದ್ದಿರುವ ಮೊಬೈಲ್ ಚಾರ್ಜರಿನ ತಂತಿಯನ್ನು ಮರೆಯುವವರೇ ಹೆಚ್ಚು.

ಸೊಳ್ಳೆಪರದೆಯೊಂದು ಮಾತ್ರ ಈ ಬರಿದುತನಕ್ಕೆ ಸಲ್ಲುವ ಅಪವಾದ. 2007ರಲ್ಲಿ ಆರಂಭವಾದ ರಾಜ್ಯದ ಮಡಿಲು ಯೋಜನೆಯಲ್ಲಿ ಬಾಣಂತಿಯರಿಗೆ ಕೊಡುತ್ತಿದ್ದ ಕಿಟ್‌ನಲ್ಲಿಯೂ ಸೊಳ್ಳೆಪರದೆಗೆ ಸ್ಥಾನವಿತ್ತು. ಪರದೆಯು ಕ್ರಿಬ್ಬಿನ ಹೊರಗಿನಿಂದ ಬಿಗಿಯಾಗಿ ಇಳಿದಿರಬೇಕೇ ಹೊರತು ಜೋತುಬಿದ್ದು ಮಗುವಿನ ಮುಖಕ್ಕೆ ತಾಗಬಾರದು. ಕೊಡೆಯಂತೆ ಬಿಚ್ಚಿಕೊಳ್ಳುವ ಪರದೆಯ ಜೊತೆ ಬರುವ ಮೆತ್ತನೆಯ ಫೋಮ್ ಹಾಸಿಗೆ ಮತ್ತು ಪುಟ್ಟ ದಿಂಬನ್ನು ತೆಗೆದಿಟ್ಟು, ಪರದೆಯನ್ನಷ್ಟೇ ಗಟ್ಟಿ ಹಾಸಿಗೆಯ ಮೇಲೆ ಕವಿಚಿ ಬಳಸಬಹುದು. ಪರದೆಯಿದ್ದರೆ ಸೊಳ್ಳೆಬತ್ತಿಯ ಹೊಗೆಯೂ ತಪ್ಪುತ್ತದೆ.

ಚಳಿ ಮತ್ತು ಸೆಕೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಈ ಜಿಲ್ಲೆಯ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುವಾಗ ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಕಾಣಬರುತ್ತದೆ. ಉರಿಯುವ ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮುಚ್ಚಿದ ಕೋಣೆಯಲ್ಲಿ ಅದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಎರವಾಗಬಲ್ಲದು. ನೀರೆರೆದ ಮೇಲೆ ಕೊಡುವ ಸಾಂಬ್ರಾಣಿ ಹೊಗೆಯೂ ಹಸುಗೂಸಿನ ಶ್ವಾಸಕೋಶಕ್ಕೆ ಹಿತವಲ್ಲ. ಹೊದಿಕೆಯ ಬದಲು ಮೈತುಂಬ ಅಂಗಿ, ದೊಡ್ಡವರಿಗಿಂತ ಒಂದು ಪದರ ಹೆಚ್ಚು ಬಟ್ಟೆ ಸಾಕಾಗುತ್ತದೆ. ಮೊದಲ ದಿನಗಳಲ್ಲಿ, ಅದರಲ್ಲೂ ತೂಕ ಕಡಿಮೆಯಿರುವ ಮಗುವಿಗೆ, ವೈದ್ಯರು ಹೇಳಿದಷ್ಟು ಕಾಲ ಕುಲಾವಿ ಬೇಕಾದರೂ, ಆಮೇಲೆ ಬೆಚ್ಚಗಿನ ಕೋಣೆಯಲ್ಲಿ ಅದು ಮುಖದ ಮೇಲೆ ಜಾರುವ ಮತ್ತು ಮೈ ಕಾವೇರಿಸುವ ವಸ್ತುವಾಗುತ್ತದೆ. ಮಗುವಿನ ಅಂಗೈ ಅಂಗಾಲು ತಣ್ಣಗಿರುವುದು ಸಾಮಾನ್ಯ, ಕತ್ತಿನ ಹಿಂಬದಿಯನ್ನೂ ಎದೆಯನ್ನೂ ಮುಟ್ಟಿ ನೋಡಿದರೆ ನಿಜವಾದ ಬಿಸಿ ತಿಳಿಯುತ್ತದೆ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಬೇಕು. ಏಪ್ರಿಲ್ ತಿಂಗಳಲ್ಲಿ ಶೀಟಿನ ಮನೆಗಳಲ್ಲಿ ಇದನ್ನು ಹಗಲಿನಲ್ಲಿಯೂ ಪದೇ ಪದೇ ನೋಡುತ್ತಿರಬೇಕಾಗುತ್ತದೆ.

ಮಗ್ಗದ ಊರಾದ ದೊಡ್ಡಬಳ್ಳಾಪುರಕ್ಕೇ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ರೇಷ್ಮೆಯ ಬಿಡಿ ಎಳೆಯೊಂದು ತಾಯಿಯ ಸೆರಗಿನಿಂದಲೋ ಹಾಸಿಗೆಯಿಂದಲೋ ಬಂದು ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡರೆ, ಮಗು ಕಾಲಾಡಿಸಿದಂತೆಲ್ಲ ಅದು ಬಿಗಿಯುತ್ತ ರಕ್ತಸಂಚಾರವನ್ನು ತಡೆಯುತ್ತದೆ. ತಲೆಗೂದಲಿನ ಎಳೆಯಿಂದಲೂ ಹೀಗಾಗುತ್ತದೆ. ಬೆರಳು ಊದಿ ಕೆಂಪಾದರೂ ಎಳೆ ಚರ್ಮದೊಳಗೆ ಹೂತು ಕಾಣದಿರಬಹುದು. ಹಾಲು ಕುಡಿಸಿದರೂ ಎತ್ತಿಕೊಂಡರೂ ಅಳು ನಿಲ್ಲದ ಮಗುವಿನ ಕಾಲುಚೀಲ, ಕೈಚೀಲಗಳನ್ನು ಬಿಚ್ಚಿ ಒಂದೊಂದು ಬೆರಳನ್ನೂ ಬಿಡಿಸಿ ನೋಡುವುದು, ಎಳೆ ಸುಲಭಕ್ಕೆ ಬಿಡದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯುವುದು ಬೆರಳನ್ನೇ ಉಳಿಸುವ ಎಚ್ಚರಿಕೆ.

ಹೆರಿಗೆಗೆ ತವರಿಗೆ ಬಂದ ಮಗಳು ಮೂರೋ ಐದೋ ತಿಂಗಳಿಗೆ ಗಂಡನ ಮನೆಗೆ ಮರಳುವುದರಿಂದ, ಮಡಚಿ ಒಯ್ಯಬಹುದಾದ ಕ್ರಿಬ್ಬು ಎಷ್ಟು ಅನುಕೂಲವೋ, ಪ್ರತಿ ಬಾರಿ ಬಿಚ್ಚಿ ಜೋಡಿಸುವಾಗ ಒಂದು ಬೋಲ್ಟು, ಒಂದು ಕೊಂಡಿ ಕಳೆದುಹೋಗುವ ಸಂಭವವೂ ಅಷ್ಟೇ. ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮಗುವನ್ನು ನೋಡುವ ವ್ಯವಸ್ಥೆಯಿದೆ. ಆ ಭೇಟಿಯಲ್ಲಿ ಮಗು ಮಲಗುವ ಜಾಗವನ್ನೂ ಅವರಿಗೆ ತೋರಿಸಿ ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ. ಮಗುವಿನ ಉಸಿರಾಟದಲ್ಲಿ ಏರುಪೇರು, ತುಟಿ ನೀಲಿಗಟ್ಟುವುದು ಕಂಡಲ್ಲಿ 108ಕ್ಕೆ ಕರೆ ಮಾಡಬೇಕು.

ಮಗು ಕೈಯೂರಿ ಎದೆ ಎತ್ತಲು, ಮಂಡಿಯ ಮೇಲೆ ನಿಲ್ಲಲು ಯತ್ನಿಸಿದ ದಿನ ಮಗ್ಗುಲ ತೊಟ್ಟಿಲಿನ ಕೆಲಸ ಮುಗಿಯಿತು. ಬಹುತೇಕ ಮಕ್ಕಳಲ್ಲಿ ಅದು ಐದಾರು ತಿಂಗಳಿಗೆ ಬರುತ್ತದೆ, ತಯಾರಕರು ನಮೂದಿಸಿದ ತೂಕದ ಮಿತಿ ಅದಕ್ಕೂ ಮೊದಲೇ ಮುಟ್ಟಿದರೆ ಆಗಲೇ ನಿಲ್ಲಿಸಬೇಕು. ಅನಂತರ ಅದು ತಂಗಿಯ ಮನೆಗೋ ನೆರೆಮನೆಗೋ ಹೋಗುವುದು ಖಂಡಿತ. ಹಾಗೆ ಕೊಡುವಾಗ ಅದರ ಪಟ್ಟಿ, ಬೋಲ್ಟು, ಬಳಕೆಯ ಪುಸ್ತಿಕೆಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಕ್ರಿಬ್ಬಿನ ಕಾಲಿಗೇ ಕಟ್ಟಿ ಕೊಡಬೇಕು, ಪಡೆದವರು ಮಗುವನ್ನು ಮಲಗಿಸುವ ಮೊದಲು ಆ ಚೀಲವನ್ನು ಬಿಚ್ಚಿ ಎಲ್ಲವನ್ನೂ ಎಣಿಸಿಕೊಳ್ಳಬೇಕು.